ಎಮ್ಮೆ ಕೊಟ್ಟು ತಂದ ಅಲೆಹಲಗೆ

ಕಾಲು ಒಳಗೆ ತಗೋ ಕೂಸೇ, ಹೊದಿಕೆ ಒದೀಬೇಡ. ನಾಳೆ ಪೇಟೆಗೆ ಹೋಗಿ ಶಾಲೆ ಚೀಲ ತಗೊಳ್ಳೋದು ಇದ್ದೇ ಇದೆ, ಆ ಗುಲಾಬಿ ಬಣ್ಣದ್ದೇ ಬೇಕು ಅಂತ ಸಂಜೆಯಿಂದ ನನ್ನ ತಲೆ ತಿಂದದ್ದು ಸಾಕು. ಈಗ ಕಣ್ಣು ಮುಚ್ಚಿ ಹೂಂಗುಟ್ಟು. ನಿನ್ನ ಹೂಂ ನಿಂತ್ರೆ ನನ್ನ ಕತೆಯೂ ನಿಲ್ತದೆ.

ಒಂದಾನೊಂದು ಕಾಲದಲ್ಲಿ, ಕಡಲಿಗೂ ಹೊಳೆಗೂ ಜಾಗದ ಜಗಳ ಇನ್ನೂ ಬಗೆಹರಿಯದ ಕಾಲದಲ್ಲಿ, ಅಳಿವೆ ಬಾಯಲ್ಲಿ ಒಂದು ಊರಿತ್ತಂತೆ. ಅಳಿವೆ ಗೊತ್ತಲ್ಲ, ಹೊಳೆ ಹೋಗಿ ಕಡಲು ಸೇರೋ ಜಾಗ. ಅಲ್ಲಿ ಅಲೆ ಅಂದ್ರೆ ಅಂತಿಂಥ ಅಲೆ ಅಲ್ಲ, ಮನೆ ಮಾಡಿನಷ್ಟು ಎತ್ತರ ಎದ್ದು ದಬ್ ಅಂತ ಬೀಳೋದಂತೆ. ದೋಣಿಗಳು ಹೊರಗೆ ಹೋಗೋವಾಗ ಹೇಗೋ ಹೋಗ್ತಿದ್ವಂತೆ, ಆಮೇಲೆ ಮೀನು ತುಂಬ್ಕೊಂಡು ವಾಪಸ್ ಬರೋವಾಗ ಮಾತ್ರ ಹಿಂದಿನಿಂದ ಅಲೆ ಬಂದು ಅಡ್ಡ ತಿರುಗಿಸಿ ಮಗುಚಿ ಹಾಕ್ತಿತ್ತಂತೆ. ಅದಕ್ಕೆ ಊರವರು ಒಂದು ಉಪಾಯ ಮಾಡ್ಕೊಂಡಿದ್ರು. ಒಬ್ಬರು ನಾರಿನ ಹಗ್ಗ ಸೊಂಟಕ್ಕೆ ಕಟ್ಕೊಂಡು, ಉದ್ದದ ಹಲಗೆ ಮೇಲೆ ಬೋರಲು ಮಲಗಿ, ಕೈಯಿಂದ ನೀರು ಎಳೀತಾ ಅಲೆ ದಾಟಿ ಹೋಗಿ ದೋಣಿಗೆ ಹಗ್ಗ ಕೊಡೋದು. ದಡದಲ್ಲಿ ಊರೆಲ್ಲ ಸೇರಿ ಎಳೆದ್ರೆ ದೋಣಿ ನೆಟ್ಟಗೆ ಒಳಗೆ ಬರೋದು. ಹಗ್ಗ ಕೊಟ್ಟವರು ಆಮೇಲೆ ಹಲಗೆ ಮೇಲೆ ಎದ್ದು ನಿಂತು ಅಲೆ ಸವಾರಿ ಮಾಡ್ಕೊಂಡು ವಾಪಸ್ ಬರೋದಂತೆ. ಅವರಿಗೆ ಹಗ್ಗದಾಳು ಅಂತ ಹೆಸರು.

ಆ ಊರಲ್ಲಿ ಹೊಸಬಿ ಅಂತ ಒಬ್ಬಳು ಹುಡುಗಿ ಇದ್ಳಂತೆ. ತಲೆ ಮೇಲೆ ಮೀನು ಬುಟ್ಟಿ ಇಟ್ಕೊಂಡು ಕೈ ಬಿಟ್ಟು ನಡೆದ್ರೆ ಬುಟ್ಟಿ ಅಲುಗಾಡ್ತಿರಲಿಲ್ಲ, ಅಂಥವಳು. ಅವಳಪ್ಪ ಜಟ್ಟಪ್ಪ ಇಪ್ಪತ್ತು ವರ್ಷ ಹಗ್ಗದಾಳಾಗಿದ್ದವನು. ಒಂದು ವರ್ಷ ಅಲೆ ಅವನನ್ನ ಎತ್ತಿ ಒಗೀತು, ಹಲಗೆ ಎರಡು ಹೋಳಾಯ್ತು, ಅಪ್ಪನ ಬಲದ ತೋಳು ಬಟ್ಟೆ ಥರ ಜೋತುಬಿತ್ತು. ಆಮೇಲೆ ಊರ ಯಜಮಾನ ಹೇಳಿದನಂತೆ, ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡೋದರೊಳಗೆ ಹೊಸ ಹಗ್ಗದಾಳು ಸಿಗದಿದ್ರೆ ಈ ವರ್ಷ ಒಂದು ದೋಣಿಯೂ ನೀರಿಗಿಳಿಯೋದಿಲ್ಲ ಅಂತ. ದೋಣಿ ಇಳಿಯದಿದ್ರೆ ಊರು ಏನು ತಿನ್ನಬೇಕು, ಹೇಳು?

ಯಜಮಾನ ಮೂರು ಜನ ಗಟ್ಟಿಗರನ್ನ ಕೇಳಿದನಂತೆ. ಒಬ್ಬ, ನಂಗೆ ಈಗಷ್ಟೇ ಮದುವೆ ಆಗಿದೆ ಅಂದ. ಇನ್ನೊಬ್ಬ, ನಂಗೆ ನೀರಲ್ಲಿ ಬಹಳ ಹೊತ್ತು ಇದ್ರೆ ಶೀತ ಆಗ್ತದೆ ಅಂದ. ಮೂರನೆಯವನಿಗೆ ಕೇಳ್ತಿದ್ದ ಹಾಗೇ ಜ್ವರ ಬಂತಂತೆ. ಆಗ ಹೊಸಬಿ ಬುಟ್ಟಿ ಕೆಳಗಿಟ್ಟು, ನಾನು ಹೋಗ್ತೇನೆ ಅಂದ್ಳಂತೆ. ಅಷ್ಟೇ, ಅವಳಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದವನು ಮಗಳ ಹತ್ರ ಮಾತೇ ಬಿಟ್ಟನಂತೆ.

ಆಮೇಲೆ ಹೊಸಬಿ ಹಲಗೆ ಬೇಕು ಅಂತ ಮೋನಪ್ಪ ಆಚಾರಿಯ ಮರಗೆಲಸದ ಕೊಟ್ಟಿಗೆಗೆ ಹೋದ್ಳಂತೆ. ಮೋನಪ್ಪ ದೋಣಿ ಕಟ್ಟೋದ್ರಲ್ಲಿ ಎತ್ತಿದ ಕೈ. ಅವನ ಕೈಯಲ್ಲಿ ಕೆತ್ತಿದ್ದು ಮುಳುಗೋದಿಲ್ಲ ಅನ್ನೋರು ಜನ. ಆದರೆ ಅವನದ್ದೊಂದು ಹಠ, ಕೊಟ್ಟಿಗೆಯಲ್ಲಿ ಕೂತು ವ್ಯಾಪಾರ ಮಾಡ್ತಿರಲಿಲ್ಲ. ಹೊತ್ಕೊಂಡು ಹೋಗು, ಮೂರು ಅಲೆ ಹತ್ತಿ ಇಳಿ, ಒದ್ದೆ ಹಲಗೆ ತಂದು ನನ್ನ ಮುಂದೆ ಇಡು, ಆಮೇಲೆ ಮಾತಾಡುವ ಅಂತಿದ್ದನಂತೆ. ಹೊಸಬಿ ಹೇಳಿದ್ಳಂತೆ, ಆಚಾರಿ ಮಾವ, ನಮ್ಮ ಮನೇಲಿರೋದು ಹಾಲು ಕರೆಯೋ ಎಮ್ಮೆ ಚಂದ್ರಿ ಒಂದೇ, ಅದನ್ನೇ ಕೊಡ್ತೇನೆ, ಸರಿಯಾದ್ದು ಸಿಗದಿದ್ರೆ ಮತ್ತೆ ಕೊಡೋಕೆ ನಂಗೆ ಏನೂ ಇಲ್ಲ ಅಂತ. ಅದಕ್ಕೇ ಮಗಾ ಹತ್ತಿ ನೋಡು ಅನ್ನೋದು ಅಂದನಂತೆ ಆಚಾರಿ.

ಮೊದಲನೇದು ಹೆಬ್ಬಲಸಿನ ಹಲಗೆ. ಎರಡಾಳು ಉದ್ದ, ಹೊತ್ಕೊಂಡು ಹೋಗೋದ್ರೊಳಗೇ ಹೊಸಬಿಗೆ ಏದುಸಿರು. ನೀರಿಗೆ ಇಳಿಸಿದ್ರೆ ಮುಳುಗೋ ಮಾತೇ ಇಲ್ಲ, ಆದರೆ ಆಚೆ ತಿರುಗು ಅಂದ್ರೆ ಯೋಚನೆ ಮಾಡಿ ತಿರುಗೋದಂತೆ. ಅದು ತಿರುಗೋದ್ರೊಳಗೆ ಅಲೆ ದಡ ಮುಟ್ಟಿ ಹಿಂದೆ ಹೋಗಿರ್ತಿತ್ತು. ಮೂರು ಅಲೆ ಮುಗಿಸಿ ಬಂದು, ಇದೇನು ಮಾವ, ಎಮ್ಮೆ ಕೊಟ್ಟು ಎಮ್ಮೆನೇ ತಗೊಂಡು ಹೋಗ್ಲಾ ಅಂದ್ಳಂತೆ. ನೋಡ್ತಿದ್ದವರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ರು.

ಎರಡನೇದು ಹಾಲವಾಣದ್ದು. ಬಹಳ ಹಗುರ, ಒಂದೇ ಕಂಕುಳಲ್ಲಿ ಇಟ್ಕೊಂಡು ಓಡಿದ್ಳಂತೆ. ಮೊದಲ ಅಲೆಗೆ ಹಾರ್ತು. ಎರಡನೇ ಅಲೆಗೆ ಅವಳನ್ನೇ ಹಾರಿಸ್ತು. ಮೂರನೇ ಅಲೆಗೆ ಹಲಗೆ ಮೊದಲು ದಡಕ್ಕೆ ಬಂತು, ಸ್ವಲ್ಪ ಹೊತ್ತು ಬಿಟ್ಟು ಬಾಯಿ ತುಂಬ ಮರಳು ತುಂಬ್ಕೊಂಡು ಹೊಸಬಿ ಬಂದ್ಳಂತೆ.

ಮೂರನೇದು ಮಾವಿನ ಹಲಗೆ. ಉದ್ದವೂ ಅಲ್ಲ ಗಿಡ್ಡವೂ ಅಲ್ಲ, ಮೂತಿ ಸ್ವಲ್ಪ ಮೇಲಕ್ಕೆ ಬಾಗಿಸಿ ಕೆತ್ತಿದ್ದು, ಎಣ್ಣೆ ಕುಡಿಸಿ ಕುಡಿಸಿ ಮಿರಮಿರ ಮಿಂಚ್ತಿತ್ತು. ಅದರ ಮೇಲೆ ಹೊಸಬಿ ನಿಂತಳು ನೋಡು, ಹಾಳಾದ್ದು ಎಂಥಾ ಚಂದ ಅಂತೀಯಾ. ತಲೆ ಮೇಲೆ ಬುಟ್ಟಿ ಇದೆಯೋ ಅನ್ನೋ ಹಾಗೆ ಕುತ್ತಿಗೆ ನೆಟ್ಟಗೆ, ಸೊಂಟ ಮಾತ್ರ ಅಲೆ ಜೊತೆ ಆಚೆ ಈಚೆ. ಮೂರಕ್ಕೆ ಮೂರು ಅಲೆಯೂ ಅವಳನ್ನ ಹೊತ್ತು ತಂದು ದಡಕ್ಕೆ ಬಿಟ್ವಂತೆ. ಜನ ಎಲ್ಲ ಇದೇ ಇದೇ ಅಂದ್ರು. ಆಚಾರಿ ಒದ್ದೆ ಹಲಗೆ ಮೇಲೆ ಕೈಯಾಡಿಸಿ, ಸರಿ ಮಗಾ, ಎಮ್ಮೆ ಹೊಡ್ಕೊಂಡು ಬಾ ಅಂದನಂತೆ.

ಮಲಗಿದ್ಯಾ? ಇಲ್ಲ ಅಲ್ಲ, ಒಳ್ಳೇದು. ಕತೆ ಇಲ್ಲಿಗೆ ಮುಗೀತು ಅಂದ್ಕೊಂಡ್ಯೇನೋ, ಹೊಸಬಿಯೂ ಹಾಗೇ ಅಂದ್ಕೊಂಡಿದ್ಳು.

ಅವಳು ಎಮ್ಮೆ ಹಗ್ಗ ಬಿಚ್ಚಿ ಹೊಡ್ಕೊಂಡು ಬರ್ತಿದ್ಳಂತೆ, ಅಷ್ಟರಲ್ಲಿ ದಡದ ಹತ್ರ ಅಪ್ಪ ಎದುರಿಗೆ ಬಂದನಂತೆ. ಬೆಳಗ್ಗಿಂದ ನೀರಲ್ಲಿ ನೆನೆಹಾಕಿದ ನಾರಿನ ಹಗ್ಗದ ಸುರುಳಿಯನ್ನ ಎಡಗೈಯಲ್ಲಿ ಎಳ್ಕೊಂಡು ಬಂದು ಮಗಳ ಕಾಲ ಹತ್ರ ಹಾಕಿ, ಇದನ್ನ ಕಟ್ಕೊಂಡು ಹೋಗು ಅಂದನಂತೆ. ಎಷ್ಟೋ ದಿನದ ಮೇಲೆ ಅಪ್ಪ ಮಾತಾಡಿದ್ದು. ಅಪ್ಪ ಒಪ್ಪಿದ ಅಂತ ಹೊಸಬಿಗೆ ಖುಷಿಯೋ ಖುಷಿ. ಹಗ್ಗ ಸೊಂಟಕ್ಕೆ ಬಿಗಿದು ಮಾವಿನ ಹಲಗೆ ತಗೊಂಡು ನೀರಿಗೆ ಬಿದ್ಳಂತೆ. ಹತ್ತು ಮಾರು ಹೋಗೋದ್ರೊಳಗೆ ಹಗ್ಗ ಹಿಂದೆ ಜಗ್ತು, ಹಲಗೆ ಬಾಲ ಮುಳುಗ್ತು, ಮೂತಿ ಆಕಾಶಕ್ಕೆ ಎದ್ದಿತು, ಅಲೆ ಬಂದು ಅವಳನ್ನ ಉರುಳಿಸ್ಕೊಂಡು ಬಂದು ಅಪ್ಪನ ಕಾಲ ಹತ್ರವೇ ಬಿಸಾಡ್ತಂತೆ.

ಹೊಸಬಿಗೆ ಅಳು ಬಂತು, ಸಿಟ್ಟೂ ಬಂತು. ಊರ ಎದುರು ನನ್ನ ನಗೆಪಾಟಲು ಮಾಡೋಕೆ ಬಂದ್ಯಾ ಅಪ್ಪ ಅಂದ್ಳಂತೆ. ಅಪ್ಪ ಅವಳ ಪಕ್ಕ ಮರಳಲ್ಲಿ ಕೂತನಂತೆ. ಕೂತು ಹೇಳಿದನಂತೆ, ನಾನೂ ನಿನ್ನ ಹಾಗೇ ಮಗಾ, ಹಗ್ಗ ಇಲ್ಲದೆ ಹತ್ತಿ ನೋಡಿ, ಚಂದ ಓಡ್ತದೆ ಅಂತ ತಗೊಂಡಿದ್ದೆ. ಇಪ್ಪತ್ತು ವರ್ಷ ಹಗ್ಗದ ಭಾರ ಹೊತ್ತದ್ದು ಹಲಗೆ ಅಲ್ಲ, ನನ್ನ ತೋಳು. ಅದು ಒಂದೇ ದಿನ ಹೋದದ್ದಲ್ಲ, ದಿನಾ ಸ್ವಲ್ಪ ಸ್ವಲ್ಪ ಹೋಗಿದ್ದು. ನಾನು ಮಾತು ಬಿಟ್ಟದ್ದು ಕೋಪಕ್ಕಲ್ಲ, ಹೆದರಿಕೆಗೆ ಅಂತ.

ಮೋನಪ್ಪ ಆಚಾರಿ ತಲೆ ತಗ್ಗಿಸಿದನಂತೆ. ನಮ್ಮಪ್ಪನ ಕಾಲದಿಂದ ಮೂರು ಅಲೆ ಹತ್ತಿಸಿ ನೋಡ್ತೇವೆ, ಹಗ್ಗ ಕಟ್ಟಿಸಿ ನೋಡ್ಬೇಕು ಅಂತ ಹೊಳೀಲೇ ಇಲ್ಲ, ಎಲ್ಲ ಹಲಗೆಯನ್ನೂ ಮತ್ತೆ ನೋಡು ಮಗಾ, ಇವತ್ತು ದಿನ ಎಲ್ಲ ನಿನ್ನದೇ ಅಂದನಂತೆ.

ಹಾಲವಾಣದ್ದು ಹಗ್ಗ ಕಟ್ಟಿದ ಕೂಡ್ಲೇ ನೀರು ಕುಡೀತು, ಅದರ ಕತೆ ಬಿಡು. ಕೊನೆಗೆ ಎಲ್ಲರೂ ನಕ್ಕಿದ್ದ ಆ ಹೆಬ್ಬಲಸಿನದ್ದು. ಹೊಸಬಿ ಮಲಗಿ ನೀರು ಎಳೆದ್ಳು, ಅಷ್ಟುದ್ದ ಒದ್ದೆ ಹಗ್ಗ ಹಿಂದೆ ಬರ್ತಾ ಇದ್ರೂ ಅದು ಬಾಲದ ಮೇಲೆ ನೊಣ ಕೂತಷ್ಟೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಅಲೆಗೆ ಎದೆ ಕೊಟ್ಟು ಹೋಗ್ತಾನೇ ಇತ್ತು. ತಿರುಗಿಸೋದು? ಅದನ್ನ ಅವಳು ನೀರಲ್ಲೇ ಕಂಡ್ಕೊಂಡ್ಳಂತೆ. ದಿನಾ ಎಮ್ಮೆ ಮೇಯಿಸೋಳಿಗೆ ಗೊತ್ತಿಲ್ವಾ, ತಿರುವು ಬಂದ ಮೇಲೆ ಎಮ್ಮೆಗೆ ಹೇಳಿದ್ರೆ ಪ್ರಯೋಜನ ಇಲ್ಲ, ನಾಲ್ಕು ಹೆಜ್ಜೆ ಮೊದಲೇ ಹೇಳ್ಬೇಕು. ಹಾಗೇ ಅಲೆ ಏಳೋಕೆ ಮೊದಲೇ ಸೊಂಟ ಬಗ್ಗಿಸಿದ್ಳು, ಹಲಗೆ ನಿಧಾನಕ್ಕೆ ಹೂಂ ಅಂತು, ಅಲೆ ಬರೋ ಹೊತ್ತಿಗೆ ಸರಿಯಾಗಿ ತಿರುಗಿ ನಿಂತಿತ್ತಂತೆ.

ಮರುದಿನ ಹುಣ್ಣಿಮೆ. ಕಡಲಿಗೆ ಕಾಯಿ ಬಿಟ್ರು, ಏಳು ದೋಣಿ ಹೊರಗೆ ಹೋದ್ವು. ಸಂಜೆಗೆ ವಾಪಸ್ ಬರೋವಾಗ ಗಾಳಿ ಎದ್ದಿತ್ತು, ಅಳಿವೆ ಬಾಯಿ ಎಲ್ಲ ಬೆಳ್ಳಗೆ ನೊರೆ. ದೋಣಿಯೊಳಗಿನವರ ಹೆಂಡ್ತೀರು ಮಕ್ಕಳು ದಡಕ್ಕೆ ಬಂದು ನಿಂತಿದ್ರಂತೆ. ಹೊಸಬಿ ಹೊರಟಳು. ಮೊದಲ ಅಲೆ ಅವಳನ್ನ ಮುಚ್ತು, ಆಚೆ ಎದ್ಳು. ಎರಡನೇ ಅಲೆ ಮುಚ್ತು, ಆಚೆ ಎದ್ಳು. ಮೂರನೇ ಅಲೆ ಮುಚ್ಚಿದ ಮೇಲೆ ಬಹಳ ಹೊತ್ತು ಯಾರಿಗೂ ಏನೂ ಕಾಣಲಿಲ್ಲ. ಜಟ್ಟಪ್ಪ ಮಾತ್ರ ಹಗ್ಗದ ತುದಿ ಎಡಗೈಗೆ ಸುತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದ. ಹಗ್ಗ ಇನ್ನೂ ಹೋಗ್ತಾ ಇದೆ, ಮಗಳು ಇದ್ದಾಳೆ ಅಂದನಂತೆ. ಅಷ್ಟರಲ್ಲಿ ಹಗ್ಗ ಮೂರು ಸಲ ಜಗ್ಗಿತು. ಕೊಟ್ಟಾಯ್ತು, ಎಳೀರಿ ಅಂತ ಗುರುತು ಅದು.

ಹಾಗೆ ಏಳು ಸಲ ಹೋದ್ಳಂತೆ ಕೂಸೇ, ಏಳು ದೋಣಿಗೂ. ಒಂದೂ ಮಗುಚಲಿಲ್ಲ. ಕೊನೇ ಸಲ ಆ ಹೆಬ್ಬಲಸಿನ ಹಲಗೆ ಮೇಲೆ ನೆಟ್ಟಗೆ ನಿಂತು ಅಲೆ ಏರಿ ಬರೋವಾಗ ಊರು ಹಗ್ಗ ಎಳೆಯೋದನ್ನೂ ಮರೆತು ನೋಡ್ತಾ ನಿಂತಿತ್ತಂತೆ. ಜ್ವರ ಬಂದಿತ್ತಲ್ಲ ಆ ಗಟ್ಟಿಗ, ಅವನೂ ಎದ್ದು ಬಂದು ನೋಡಿದ. ಹಲಗೆ ಮರಳು ಮುಟ್ಟಿದಾಗ ಜಟ್ಟಪ್ಪ ಮಗಳ ಹತ್ರ ಹೋಗಿ ಕೇಳಿದ್ದು ಒಂದೇ ಮಾತು. ತೋಳು ನೋಯ್ತಾ ಮಗಾ? ಇಲ್ಲ ಅಪ್ಪ, ಒಂಚೂರೂ ಇಲ್ಲ ಅಂದ್ಳಂತೆ. ಅಲೆ ಎತ್ತಿ ಒಗೆದಾಗಲೂ ಅಳದಿದ್ದ ಆ ಮನುಷ್ಯ ಆವಾಗ ಅತ್ತನಂತೆ.

ಆಮೇಲೆ ಎಮ್ಮೆ ಚಂದ್ರಿ ಆಚಾರಿ ಕೊಟ್ಟಿಗೆ ಸೇರ್ತು, ಅದು ಅಲ್ಲಿ ಹಾಕಿದ ಮೊದಲ ಕರುವನ್ನ ಆಚಾರಿ ತಾನಾಗಿ ಹೊಸಬಿ ಮನೆಗೆ ತಂದು ಕಟ್ಟಿ ಹೋದ. ಹೊಸಬಿ ಹಲಗೆಗೂ ಚಂದ್ರಿ ಅಂತಲೇ ಹೆಸರಿಟ್ಳು. ಆಚಾರಿ ಕೊಟ್ಟಿಗೆ ಬಾಗಿಲಲ್ಲಿ ಅವತ್ತಿಂದ ಒಂದು ಸುರುಳಿ ಹಗ್ಗ ಯಾವಾಗಲೂ ನೆನೀತಾ ಇರ್ತಿತ್ತಂತೆ. ಎಲ್ಲರೂ ಹೊಟ್ಟೆ ತುಂಬ ಮೀನು ತಿಂದು ಸುಖವಾಗಿದ್ರು.

ನಾಳೆ ಅಂಗಡಿಗೆ ನಿನ್ನ ಪುಸ್ತಕ ಎಲ್ಲ ಹೊತ್ಕೊಂಡು ನಾನೂ ಬರ್ತೇನೆ, ತುಂಬಿಸಿ ಬೆನ್ನಿಗೆ ಹಾಕಿ ನೋಡುವ, ಗುಲಾಬಿಯೋ ಕಪ್ಪೋ ಅಂತ ಆಮೇಲೆ. ಕೂಸೇ? ಹೂಂ ಅನ್ನು. ಕೂಸು ನಿದ್ದೆ ಹೋಯ್ತು. ಹಗ್ಗ ದಡ ಸೇರ್ತು, ನಮ್ಮ ಕತೆ ಮುಗೀತು.