ಲಗಮವ್ವನ ತಮ್ಮ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಸಣ್ಣ ಮಕ್ಕಳಿಗೆ ಪಾಠ ಹೇಳಲು ಹೋಗುವ ಹುಡುಗ ಹುಡುಗಿಯರಿಗೆ ಅಲ್ಲಿ ಗೋದಕ್ಕ ಎಂಬ ವಯಸ್ಸಾದ ಹೆಂಗಸು ಕೈಕೆಲಸ ಕಲಿಸುತ್ತಿದ್ದರು.

ಎಲೆಗೆ ಬಣ್ಣ ಬಳಿದು ಅಚ್ಚು ಒತ್ತುವುದು, ಹಳೆಯ ಕಾಗದ ಹರಿದು ಅಂಟಿಸಿ ಚಿತ್ರ ಮಾಡುವುದು, ಬಣ್ಣದಲ್ಲಿ ಅದ್ದಿದ ದಾರವನ್ನು ಮಡಿಸಿದ ಹಾಳೆಯ ನಡುವಿನಿಂದ ಎಳೆಯುವುದು, ಮಣ್ಣು ನಾದುವುದು.

ಅವರ ಮಾತು ಕಡಿಮೆ. ಯಾರಾದರೂ ಏನಾದರೂ ಕೇಳಿದರೆ ಕೈಯಲ್ಲಿ ಮಾಡಿ ತೋರಿಸಿ ಸುಮ್ಮನಾಗುತ್ತಿದ್ದರು. ತಿಳಿದುಕೊಳ್ಳುವುದು ಕೇಳಿದವರ ಪಾಲಿಗೆ ಬಿಟ್ಟದ್ದು.

ಅವರ ಹತ್ತಿರ ಕಲಿತವರಲ್ಲಿ ಕಲ್ಮೇಶನೂ ಒಬ್ಬ. ಅವನಿಗೆ ದಿನ್ನೆಯ ಮೇಲಿನ ತಗಡಿನ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಹೊಳೆ ಬಂದು ಊರು ಮುಳುಗಿದ ಮೇಲೆ ಉಳಿದವರನ್ನು ಆ ದಿನ್ನೆಗೆ ತಂದು ಇಳಿಸಿದ್ದರು.

ಕೆಲವೇ ದಿನಗಳಲ್ಲಿ ಕಲ್ಮೇಶ ಆಶ್ರಮಕ್ಕೆ ತಿರುಗಿ ಬಂದ.

"ಅಕ್ಕೋರ, ನೀವು ಕಲಿಸಿದ್ದೆಲ್ಲಾ ಮಾಡಿಸಿದೆ. ಬಣ್ಣ ಕೊಟ್ರ ಹಾಳಿ ತುಂಬ ಕೆಂಪು ನೀರು ಬಳೀತಾವ. ಕಾಗದ ಕೊಟ್ರ ಹರೀತಾವ, ಅಂಟಸೂದಿಲ್ಲ. ಒಬ್ಬಾಕಿ ಅಂತೂ ಏನೂ ಮುಟ್ಟೂದೇ ಇಲ್ಲ. ಲಗಮವ್ವ ಅಂತ, ಎರಡನೇ ಕ್ಲಾಸು."

"ಯಾಕ ಮುಟ್ಟೂದಿಲ್ಲ?"

"ಆಕಿ ತಮ್ಮನ್ನ ಹೊಳಿ ಒಯ್ದೈತ್ರಿ. ಭೀಮಶಿ ಅಂತ. ಇನ್ನೂ ಬೋರಲ ಬೀಳೂ ಕೂಸು. ಸಿಗಲೇ ಇಲ್ಲ. ಬರ್ತಾನ, ಬರ್ತಾನ ಅಂತ ಅಜ್ಜಿ ಆಕಿಗೆ ಹೇಳ್ಕೋತ ಬಂದಾಳ."

ಗೋದಕ್ಕ ದಂಡೆಗೆ ಇಳಿದರು. ಬುಟ್ಟಿ ತುಂಬ ಜಿಗುಟು ಮಣ್ಣು ತಂದು ಅವನ ಮುಂದೆ ಇಟ್ಟರು.

"ಇದರಾಗ ಏನ ಮಾಡಸ್ಲಿ?"

"ಏನೂ ಮಾಡಸಬ್ಯಾಡ. ಆಕಿ ಕೈಗೆ ನಿಲುಕೂವಲ್ಲಿ ಇಡು."

ಅವನು ಹಾಗೆಯೇ ಮಾಡಿದ.

ಮಳೆಗಾಲ ಕಳೆದ ಮೇಲೆ ಕಲ್ಮೇಶ ಮತ್ತೆ ಬಂದ. ಈ ಸಲ ಮುಖ ಅರಳಿತ್ತು. ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದ.

"ಅಕ್ಕೋರ, ಆಕಿ ಮಣ್ಣ ಮುಟ್ಟಿದ್ಲು! ಈಗ ದಿನಾ ಮುಟ್ತಾಳ. ಒಂದೇ ಬೊಂಬಿ ಮಾಡ್ತಾಳ, ತಮ್ಮಂದು. ಮೊದಮೊದಲ ಬೋರಲ ಮಲಗಿದ್ದು ಮಾಡ್ತಿದ್ಲು. ದೊಡ್ಡದೊಂದು ಉಂಡಿ, ಸಣ್ಣದೊಂದು ಉಂಡಿ, ಅಷ್ಟ. ಆಮ್ಯಾಲ ಕುಂತಿದ್ದು ಬಂತು. ಈಗ ಗ್ವಾಡಿ ಹಿಡಕೊಂಡು ನಿಂತಿದ್ದು ಮಾಡ್ತಾಳ. ಬಾಯಾಗ ಸಣ್ಣವು ಎರಡು ಹಲ್ಲ ಬ್ಯಾರೆ. ಕೈ ಎಷ್ಟ ಪಳಗೇತಿ ಅಂತೀರಿ!"

ಗೋದಕ್ಕ ಅವನ ಮುಖವನ್ನೇ ನೋಡಿದರು. ಏನೋ ಹೇಳುವವರಂತೆ ತುಟಿ ಅಲುಗಿತು. ಹೇಳಲಿಲ್ಲ.

"ಆದ್ರ ಶಾಲಿ ಬಿಡೂ ಗಂಟಿ ಹೊಡದ ಕೂಡ್ಲೆ ಅದನ್ನ ಮುದ್ದಿ ಮಾಡಿಬಿಡ್ತಾಳ. ಅಷ್ಟ ಛಂದ ಮಾಡಿದ್ದನ್ನ! ಯಾಕ್ರಿ ಅಕ್ಕೋರ?"

ಗೋದಕ್ಕ ಒಂದು ಹಿಡಿ ಮಣ್ಣು ಅವನ ಕೈಗೆ ಕೊಟ್ಟರು.

"ನಿನಗ ಬೇಕಾದವರನ್ನ ಮಾಡು."

ಕಲ್ಮೇಶ ತನ್ನ ಅಪ್ಪನನ್ನು ಮಾಡಿದ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮೊಣಕಾಲ ಮೇಲೆ ಕೈ ಚಾಚಿ, ಕತ್ತು ಒಂದು ಕಡೆ ವಾಲಿಸಿ, ಕಟ್ಟೆಯ ಮೇಲೆ ಕೂರುತ್ತಿದ್ದ ಹಾಗೆಯೇ ಮೂಡಿ ಬಂದ. ಕಲ್ಮೇಶನ ಕಣ್ಣು ಹನಿಗೂಡಿತು.

"ಮುದ್ದಿ ಮಾಡು" ಅಂದರು ಗೋದಕ್ಕ.

ಅವನ ಬೆರಳು ಬೊಂಬೆಯ ಹೆಗಲ ಮೇಲೆಯೇ ನಿಂತವು.

"ನನ್ನ ಕೈಲೆ ಆಗೂದಿಲ್ರಿ."

"ಆ ಹುಡುಗಿ ಕೈಲೆ ಆಗ್ತೈತಲ್ಲ."

ಅಷ್ಟು ಹೇಳಿ ಅವರು ಕೊಡ ಎತ್ತಿಕೊಂಡು ನೀರಿಗೆ ಹೋದರು.

ಕಲ್ಮೇಶ ಅಪ್ಪನ ಬೊಂಬೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟ. ದಾರಿಯುದ್ದಕ್ಕೂ ಅವರ ಮಾತನ್ನೇ ನೆನೆದ. ದೊಡ್ಡವನಾದ ನನ್ನಿಂದಲೇ ಆಗದ್ದನ್ನು ಆ ಸಣ್ಣ ಹುಡುಗಿ ದಿನಾ ಸಂಜೆ ಮಾಡುತ್ತಾಳೆ. ಎಷ್ಟು ನೋಯುತ್ತಿರಬೇಕು ಅವಳಿಗೆ! ಮುದ್ದೆ ಮಾಡದೆ ಉಳಿಸಿಕೊಡುವವರು ಯಾರೂ ಇಲ್ಲ, ಅದಕ್ಕೇ ಮಾಡುತ್ತಾಳೆ. ಗುರು ತನಗೆ ಹೇಳಿದ್ದು ಇದನ್ನೇ ಎಂದು ಅವನು ತಿಳಿದುಕೊಂಡ.

ಪಕ್ಕದ ಊರಿನ ಕುಂಬಾರರ ಆವಿಗೆಯಲ್ಲಿ ಗಡಿಗೆಗಳ ನಡುವೆ ಅಪ್ಪನನ್ನು ಇಟ್ಟು ಸುಡಿಸಿದ. ಕೆಂಪಗೆ, ಗಟ್ಟಿಯಾಗಿ ಬಂದದ್ದನ್ನು ಮನೆಯ ಗೋಡೆಯ ಗೂಡಿನಲ್ಲಿ ಕೂರಿಸಿದ. ಅಪ್ಪ ಮನೆಗೆ ಬಂದು ಕುಳಿತ ಹಾಗಾಯಿತು. ಬಹಳ ಕಾಲದ ಮೇಲೆ ಎದೆ ಹಗುರಾಯಿತು.

ಈ ಸಮಾಧಾನ ಆ ಹುಡುಗಿಗೂ ಸಿಗಬೇಕು ಅಂದುಕೊಂಡ.

ಶಾಲೆ ಬಿಡುವ ಹೊತ್ತಿಗೆ ಲಗಮವ್ವನ ಪಕ್ಕ ಹೋಗಿ ಕುಳಿತ. ಮಣ್ಣಿನ ಭೀಮಶಿ ಗೋಡೆಯಿಂದ ಒಂದು ಕೈ ತೆಗೆದು ನಿಂತಿದ್ದ.

"ಇವತ್ತ ಮುದ್ದಿ ಮಾಡಬ್ಯಾಡವ್ವಾ. ನನ್ನ ಕಡೆ ಕೊಡು. ಜ್ವಾಕಿಯಿಂದ ಇಟ್ಟಿರ್ತೀನಿ."

ಹುಡುಗಿ ಅವನನ್ನು ನೋಡಿದಳು. ಮಾಸ್ತರರ ಮೇಲೆ ಅವಳಿಗೆ ನಂಬಿಕೆಯಿತ್ತು.

"ತಿರುಗಿ ಕೊಡ್ತೀರಿ?"

"ಕೊಡ್ತೀನಿ."

ಬೊಂಬೆ ಕಪಾಟಿನ ಮೇಲೆ ನೆರಳಿನಲ್ಲಿ ಒಣಗತೊಡಗಿತು. ಲಗಮವ್ವ ಬಂದಾಗಲೆಲ್ಲ ಕತ್ತೆತ್ತಿ ಅದನ್ನು ನೋಡಿ ತನ್ನ ಜಾಗದಲ್ಲಿ ಕೂರುತ್ತಿದ್ದಳು. ಮಣ್ಣಿಗೆ ಕೈ ಹಾಕುತ್ತಿರಲಿಲ್ಲ.

"ಬ್ಯಾರೇದೊಂದು ಮಾಡು" ಅಂದ ಕಲ್ಮೇಶ.

"ಆಂವ ಅಲ್ಲಿ ಅದಾನಲ್ಲ ಸರ."

"ಅದಕ್ಕೇನಾತು? ಇನ್ನೊಂದು ಮಾಡು."

"ನನಗ ಒಬ್ಬನ ತಮ್ಮ."

ಅವನು ಅವಳ ತಲೆ ಸವರಿ ನಕ್ಕ. ಆವಿಗೆಗೆ ಬೆಂಕಿ ಇಡುವ ದಿನ ಬೊಂಬೆಯನ್ನು ತಾನೇ ಒಯ್ದ. ಬೆಂಕಿ ಆರುವ ತನಕ ಕುಂಬಾರರ ಹಿತ್ತಲಲ್ಲೇ ಕಾದು ಕುಳಿತ. ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಆ ಎರಡು ಹಲ್ಲು ಕೂಡ ಹಾಗೆಯೇ ಉಳಿದಿದ್ದವು.

ತರಗತಿಯಲ್ಲಿ ಎಲ್ಲರೆದುರು ಅದನ್ನು ಅವಳ ಅಂಗೈಯಲ್ಲಿ ಇಟ್ಟ. ಮಕ್ಕಳೆಲ್ಲ ಸುತ್ತ ಮುತ್ತಿಕೊಂಡು ಹೋ ಎಂದರು.

ಲಗಮವ್ವ ಬೊಂಬೆಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಇನ್ನೂ ಜೋರಾಗಿ ಒತ್ತಿದಳು. ಉಗುರು ಬೆಳ್ಳಗಾಯಿತು.

"ಮೆತ್ತಗ ಆಗವಲ್ದು ಸರ."

"ಇನ್ನ ಆಗೂದಿಲ್ಲವ್ವಾ. ಸುಟ್ಟೀನಿ. ಇನ್ನ ಇವಂಗ ಏನೂ ಆಗೂದಿಲ್ಲ. ನೀರಾಗ ಹಾಕಿದ್ರೂ ಕರಗೂದಿಲ್ಲ."

"ಸುಟ್ರೀ? ಬೆಂಕ್ಯಾಗ?"

"ಹೂಂ. ಗಟ್ಟಿ ಆಗ್ಲಿ ಅಂತ."

ಅವಳು ಬೊಂಬೆಯನ್ನು ತಿರುಗಿಸಿ ಕಾಲು ನೋಡಿದಳು. ಕಾಲುಗಳು ಕೆಳಗಿನ ಮಣ್ಣಿನ ಹಲಗೆಗೆ ಅಂಟಿಕೊಂಡಿದ್ದವು.

"ನಡೀತಿದ್ದ" ಅಂದಳು.

"ಯಾರು?"

"ಭೀಮಶಿ. ಗ್ವಾಡಿ ಬಿಟ್ಟು ನಡೀತಿದ್ದ ಇನ್ನ. ಆಮ್ಯಾಲ ಶಾಲಿಗೆ ಬರ್ತಿದ್ದ." ಅವಳ ದನಿಯಲ್ಲಿ ಅಳು ಇರಲಿಲ್ಲ. ಗೊತ್ತಿಲ್ಲದ್ದನ್ನು ಮಾಸ್ತರರ ಹತ್ತಿರ ಕೇಳುವ ದನಿಯಲ್ಲೇ ಕೇಳಿದಳು. "ಈಗ ಹ್ಯಾಂಗ ದೊಡ್ಡಾಂವ ಆಗ್ತಾನ ಸರ?"

ಕಲ್ಮೇಶನಿಗೆ ಎಲ್ಲವೂ ಒಮ್ಮೆಲೇ ಕಂಡಿತು. ಬೋರಲು ಮಲಗಿದ್ದು, ಕುಳಿತದ್ದು, ನಿಂತದ್ದು, ಹಲ್ಲು ಮೂಡಿದ್ದು. ಕೈ ಪಳಗುತ್ತಿದೆ ಎಂದು ಅವನು ಹಿಗ್ಗುತ್ತಿದ್ದಾಗ ಅವಳು ತಮ್ಮನನ್ನು ಬೆಳೆಸುತ್ತಿದ್ದಳು. ಸಂಜೆ ಮುದ್ದೆ ಮಾಡುತ್ತಿದ್ದದ್ದು ಮಾರನೆಯ ದಿನ ಅವನನ್ನು ತುಸು ದೊಡ್ಡವನನ್ನಾಗಿ ಮಾಡುವುದಕ್ಕೆ.

ಹುಡುಗಿ ಉತ್ತರಕ್ಕೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬೊಂಬೆಯನ್ನು ಪಾಟಿಚೀಲದಲ್ಲಿ ಇಟ್ಟುಕೊಂಡು ಮನೆಗೆ ಹೋದಳು.

ಬೆಳಿಗ್ಗೆ ಅವಳ ಅಜ್ಜಿ ಶಾಲೆಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತಳು.

"ಸರ, ಕೂಸನ್ನ ಮನಿಗೆ ತಂದ್ಲು. ಕೈಯಾಗ ಹಿಡದು ನೋಡಿದೆ, ತಣ್ಣಗ ಇತ್ತು. ವಿಭೂತಿ ಹಚ್ಚಿ ದೇವರ ಜಗಲಿ ಮ್ಯಾಲ ಇಟ್ಟೆ. ಮತ್ತೇನ ಮಾಡ್ಲಿ ನಾನು? ಇಷ್ಟ ದಿನ ಬರ್ತಾನ ಅಂತ ಆಕಿಗೆ ಹೇಳ್ಕೋತ ಬಂದಿದ್ದೆ. ಅದನ್ನ ನೋಡಿದ ಮ್ಯಾಲ ಹೇಳಾಕ ನನಗೂ ಬಾಯಿ ಬರವಲ್ದು."

ಬೈಯಲಿಲ್ಲ ಅವಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ದಿನ್ನೆ ಇಳಿದು ಹೋದಳು.

ಲಗಮವ್ವ ಶಾಲೆ ತಪ್ಪಿಸಲಿಲ್ಲ. ದಿನಾ ಬಂದು ತನ್ನ ಜಾಗದಲ್ಲಿ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಕಲ್ಮೇಶ ಬೆಂಡೆಕಾಯಿ ಕೊಯ್ದು ಬಣ್ಣದ ಅಚ್ಚು ಒತ್ತಿಸಿದ. ಬೀಜ ಅಂಟಿಸಿ ನವಿಲು ಮಾಡಿಸಿದ. ಕಾಗದದ ಮುಖವಾಡ ಮಾಡಿಸಿದ. ಉಳಿದ ಮಕ್ಕಳು ಕೂಗಾಡಿ ನಕ್ಕರು. ಅವಳ ಕೈ ತೊಡೆಯಿಂದ ಮೇಲೆ ಬರಲಿಲ್ಲ.

ಅವನು ಆಶ್ರಮಕ್ಕೆ ಹೋಗಿ ಗೋದಕ್ಕನ ಮುಂದೆ ಕುಸಿದು ಕುಳಿತ. ನಡೆದದ್ದನ್ನೆಲ್ಲ ಹೇಳಿದ.

"ನೌಕರಿ ಬಿಡ್ತೀನ್ರಿ. ನಾ ಮಕ್ಕಳ ಹತ್ರ ಇರೂ ಮನಷ್ಯಾ ಅಲ್ಲ."

ಗೋದಕ್ಕ ಅವನ ಹತ್ತಿರ ಬಂದು ಕುಳಿತರು.

"ನಿಮ್ಮಪ್ಪನ್ನ ಸುಡಿಸಿದಿ ಅಂದಿಯಲ್ಲ. ಅದನ್ನ ನೋಡಿದ್ರ ಹ್ಯಾಂಗ ಅನಸ್ತೈತಿ?"

"ಸಮಾಧಾನ ಅನಸ್ತೈತ್ರಿ. ಅದಕ್ಕ ಆಕಿಗೂ..."

"ನಿಮ್ಮಪ್ಪ ಬಾಳಿ ಹೋದಾಂವ. ಆ ಕೂಸು ಇನ್ನೂ ಬೆಳೀತಿತ್ತು."

ಕಲ್ಮೇಶ ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತ. ಅಳುತ್ತಲೇ ಕೇಳಿದ.

"ನನಗ ಮೊದಲ ಯಾಕ ಹೇಳಲಿಲ್ರಿ ಅಕ್ಕೋರ?"

ಗೋದಕ್ಕ ಎದ್ದು ಕೋಲು ತೆಗೆದುಕೊಂಡರು.

"ನಡಿ. ಶಾಲಿಗೆ ಹೋಗೂಣು."

ಶಾಲೆಯಲ್ಲಿ ಗೋದಕ್ಕ ಲಗಮವ್ವನ ಪಕ್ಕ ನೆಲದ ಮೇಲೆ ಕುಳಿತರು. ಮಣ್ಣು ತೆಗೆದು ನಾದತೊಡಗಿದರು. ಏನನ್ನೂ ಮಾಡಲಿಲ್ಲ, ಬರೇ ನಾದಿದರು. ಹುಡುಗಿ ಸ್ವಲ್ಪ ಹೊತ್ತು ಅವರ ಕೈ ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು.

"ನಂಗೊಂದು ಏನಾರ ಮಾಡಿ ಕೊಡ್ತಿಯೇನವ್ವಾ?"

ಹುಡುಗಿ ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಗೋದಕ್ಕ ಮಧ್ಯಾಹ್ನ ಪೂರ್ತಿ ಅಲ್ಲೇ ಕುಳಿತರು. ತಗಡು ಕಾದು ಒಳಗೆ ಬಿಸಿ ತುಂಬಿತು. ಗಂಟೆ ಹೊಡೆಯಿತು. ಮಕ್ಕಳು ಹೋ ಎಂದು ಹೊರಗೆ ಓಡಿದರು.

ಲಗಮವ್ವ ಎದ್ದು ಹೋಗಿ ಒಂದು ತಂಬಿಗೆ ನೀರು ತಂದಳು.

"ಕೈ ತೊಳ್ಕೋರಿ ಅಜ್ಜಿ" ಅಂದು ನೀರು ಹಾಕಿದಳು. ಮುದುಕಿಯ ಕೈಯಿಂದ ಮಣ್ಣು ಇಳಿದು ಹೋಯಿತು. ತಂಬಿಗೆ ಹಿಡಿದ ಅವಳ ಕೈಗಳು ಸ್ವಚ್ಛವಾಗಿದ್ದವು. ತಂಬಿಗೆಯನ್ನು ಅದರ ಜಾಗದಲ್ಲಿಟ್ಟು ಅವಳು ಮನೆಗೆ ಹೋದಳು.

ಗೋದಕ್ಕ ಶಾಲೆಯ ಮೆಟ್ಟಿಲ ಮೇಲೆ ಕುಳಿತರು. ಕಲ್ಮೇಶ ಅವರ ಕಾಲ ಬಳಿ ಕುಳಿತ.

"ಏನಾರ ಆತೇನ್ರಿ ಅಕ್ಕೋರ?"

"ಇಲ್ಲ."

ಕೆಳಗೆ ಹೊಳೆ ಎಂದಿನಂತೆ ಸಣ್ಣಗೆ ಹರಿಯುತ್ತಿತ್ತು.

"ಅವತ್ತ ನೀ ಬಂದು, ಮಲಗಿದಾಂವ ಕುಂತ, ಕುಂತಾಂವ ನಿಂತ ಅಂತ ಹೇಳಿದಿ" ಅಂದರು ಗೋದಕ್ಕ. "ನನಗ ಆಗ ತಿಳದಿತ್ತು. ಬಾಯಿ ಬಿಟ್ಟು ಹೇಳಲಿಲ್ಲ. ಮಾಡಿಸಿ ತಿಳಸ್ತೀನಿ ಅಂತ ನಿನ್ನ ಕೈಯಾಗ ಮಣ್ಣ ಕೊಟ್ಟೆ. ಆ ಬೊಂಬಿ ತಂಟೆಕ ಹೋಗಬ್ಯಾಡ ಅಂತ ಒಂದು ಮಾತ ಅಂದಿದ್ರ ಆಗಿತ್ತು. ನಾ ಅನ್ನಲಿಲ್ಲ."

ಗುರು ಇಷ್ಟು ಮಾತಾಡಿದ್ದನ್ನು ಕಲ್ಮೇಶ ಎಂದೂ ಕೇಳಿರಲಿಲ್ಲ.

"ಈಗಾರ ಹೇಳ್ರಿ. ಏನ ಮಾಡಿದ್ರ ಸರಿ ಆಗ್ತೈತಿ?"

"ಏನ ಮಾಡಿದ್ರೂ ಆಗೂದಿಲ್ಲ."

"ಆಕಿ ಮತ್ತ ಎಂದಾರ ಮಣ್ಣ ಮುಟ್ತಾಳೇನ್ರಿ?"

"ಮುಟ್ಟಲಿಕ್ಕಿಲ್ಲ."

"ಹಂಗಾರ ನಾ ಇಲ್ಲಿ ಇದ್ದು ಏನ ಮಾಡ್ಲಿ ಅಕ್ಕೋರ? ಯಾಕ ಇರ್ಲಿ?"

ಗೋದಕ್ಕ ಕೋಲು ಊರಿ ಎದ್ದು ನಿಂತರು.

"ನಾಳಿ ಆಕಿ ಬರ್ತಾಳಲ್ಲಪಾ."