ದಾರಿಯ ಕೊನೆಯಲ್ಲಿ ಒಂದು ಕುರ್ಚಿ

ಹೊಳೆದಂಡೆಯಲ್ಲಿದ್ದ ಕಾಳಾಚಾರರ ಗ್ಯಾರೇಜಿಗೆ ಬೋರ್ಡಿರಲಿಲ್ಲ. ಬೇಕಾದವರು ಹುಡುಕಿಕೊಂಡು ಬರುತ್ತಾರೆ, ಬೇಡದವರಿಗೆ ಬೋರ್ಡು ಯಾಕೆ ಎಂಬುದು ಆಚಾರರ ವಾದ.

ಗಾಡಿ ಓಡುವಂತೆ ಮಾಡುವವರು ಪೇಟೆಯಲ್ಲಿ ಬೇಕಾದಷ್ಟು ಮಂದಿ ಇದ್ದರು. ನಿಲ್ಲುವಂತೆ ಮಾಡಬೇಕಾದರೆ ಮಾತ್ರ ಜನ ಇಲ್ಲಿಗೆ ಬರುತ್ತಿದ್ದರು.

ಆ ಗ್ಯಾರೇಜಿನಲ್ಲೊಂದು ಪದ್ಧತಿಯಿತ್ತು. ಬ್ರೇಕಿನ ಕೆಲಸ ಮಾಡಿದವನೇ ಗಾಡಿಯನ್ನು ಮೊದಲು ಓಡಿಸಬೇಕು. ಬಾಗಿಲಿನಿಂದ ಹೊಳೆಯ ಮೆಟ್ಟಿಲಿನವರೆಗೆ ನೇರವಾದ, ಸಮತಟ್ಟಾದ ಮಣ್ಣುದಾರಿ. ಅದರ ಕೊನೆಯಲ್ಲಿ ಆಚಾರರು ಕಬ್ಬಿಣದ ಕುರ್ಚಿ ಹಾಕಿಕೊಂಡು, ಗಾಡಿಗೆ ಮುಖಮಾಡಿ ಕೂರುತ್ತಿದ್ದರು. ಗಾಡಿ ಜೋರಾಗಿ ಅವರತ್ತ ಬಂದು, ಅವರ ಮುಂದೆ ನಿಲ್ಲಬೇಕು.

ನಲವತ್ತು ವರ್ಷದಿಂದ ಹೀಗೇ ನಡೆದಿತ್ತು. ಕುರ್ಚಿಗೆ ತುಕ್ಕು ಹಿಡಿದಿತ್ತೇ ಹೊರತು ಅದರ ಒಂದು ಕಾಲೂ ಸೊಟ್ಟಗಾಗಿರಲಿಲ್ಲ.

ಶಿಷ್ಯನ ಹೆಸರು ಅಂದಾನಿ. ಎಂಟು ವರ್ಷ ಆಚಾರರ ಕೈಕೆಳಗೆ ದುಡಿದವನು. ಇಡೀ ಕಾರೊಂದನ್ನು ಆಚಾರರು ಅವನೊಬ್ಬನಿಗೇ ಬಿಟ್ಟುಕೊಟ್ಟದ್ದು ಇದೇ ಮೊದಲು.

ಅದು ಬೋಜಮ್ಮನವರ ಕೆಂಪು ಕಾರು. ಅವರ ಅಪ್ಪನ ಕಾಲದ್ದು. ಎರಡೇ ಸೀಟು, ನೆಲಕ್ಕೆ ಅಂಟಿದಷ್ಟು ತಗ್ಗು. ಬೋಜಮ್ಮನವರಿಗೆ ಐವತ್ತು ದಾಟಿತ್ತು, ರೇಸಿನ ಹುಚ್ಚು ಮಾತ್ರ ಇಳಿದಿರಲಿಲ್ಲ. ಭಾನುವಾರ ಹಿಂದೆ ವಿಮಾನ ಇಳಿಯುತ್ತಿದ್ದ ಮೈದಾನದಲ್ಲಿ ಹಳೇ ಕಾರುಗಳ ರೇಸು. ಉದ್ದನೆಯ ನೇರ ದಾರಿ, ಅದರ ಕೊನೆಗೆ ಒಂದೇ ಒಂದು ಕಡಿದಾದ ತಿರುವು. ತಿರುವಿನಾಚೆ ಕಲ್ಲಿನ ಗೋಡೆ.

ಕಾರು ಒಪ್ಪಿಸಿದ ದಿನವೇ ಅವರು ಹೇಳಿದ್ದರು. "ಎಂಜಿನ್ ನಿನ್ನಿಷ್ಟ ಅಂದಾನಿ. ಬ್ರೇಕ್ ವಿಷಯ ಮಾತ್ರ ನೆನಪಿಟ್ಕೋ. ಆ ತಿರುವಲ್ಲಿ ನಾನು ಒಂದೇ ಸಲ ತುಳಿಯೋದು."

ಅಂದಾನಿ ಎಂಜಿನ್ ಬಿಚ್ಚಿ ಕಟ್ಟಿದ. ಅದು ಹುಲಿಯ ಹಾಗೆ ಗುಡುಗತೊಡಗಿತು. ಹೊಸ ವೇಗಕ್ಕೆ ಹಳೇ ಬ್ರೇಕು ಸಾಲದೆಂದು, ಬೇರೊಂದು ಭಾರದ ಕಾರಿನ ಬ್ರೇಕುಗಳನ್ನು ತಂದು ಮುಂದಿನ ಎರಡು ಚಕ್ರಕ್ಕೆ ಕೂರಿಸಿದ. ಆಯಿಲ್ ಪೈಪುಗಳು ಎಷ್ಟು ಅಂದವಾಗಿ ಕೂತವೆಂದರೆ, ಅವನೇ ಎರಡು ಸಲ ಬಗ್ಗಿ ನೋಡಿ ಖುಷಿಪಟ್ಟ.

ಖುಷಿ ಅಲ್ಲಿಗೇ ಮುಗಿಯಿತು. ಪೆಡಲ್ ತುಳಿದರೆ ಹಸಿ ಹಿಟ್ಟಿನಲ್ಲಿ ಕಾಲಿಟ್ಟಂತೆ ಒಳಕ್ಕೆ ಹೋಗುತ್ತಿತ್ತು.

ಒಳಗೆ ಗಾಳಿ ಸೇರಿದೆ ಎಂದು ಅವನಿಗೆ ಗೊತ್ತಾಯಿತು. ಬ್ರೇಕ್ ಆಯಿಲಿನ ದಾರಿಯಲ್ಲಿ ಗಾಳಿಯಿದ್ದರೆ, ತುಳಿದ ಬಲವನ್ನೆಲ್ಲ ಅದೇ ನುಂಗಿಬಿಡುತ್ತದೆ. ಟೀ ಅಂಗಡಿಯವನನ್ನು ಕರೆತಂದು ಪೆಡಲ್ ತುಳಿಸಿ, ತಾನು ಚಕ್ರದ ಬಳಿ ಮಲಗಿ, ಗಾಳಿ ಬಿಡುವ ತಿರುಪು ಸಡಿಲಿಸಿದ. ಐದು ಸಲ ಹೀಗೆ ಮಾಡಿದ. ಎರಡು ಡಬ್ಬಿ ಆಯಿಲ್ ಖಾಲಿಯಾಯಿತು. ರಬ್ಬರು ಬದಲಿಸಿದ, ಸಿಲಿಂಡರ್ ಬದಲಿಸಿದ. ಪೆಡಲ್ ಮಾತ್ರ ಹಸಿ ಹಿಟ್ಟೇ.

ಒಂದು ವಿಚಿತ್ರವಿತ್ತು. ಬೇಗಬೇಗ ಮೂರು ನಾಲ್ಕು ಸಲ ತುಳಿದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಮೆತ್ತಗೆ.

ಶುಕ್ರವಾರ ಬಂತು. ಕಾರು ಹೊತ್ತೊಯ್ಯುವ ಲಾರಿ ಮರುದಿನ ಬೆಳಿಗ್ಗೆ ಬರುವುದಿತ್ತು.

ಆಚಾರರು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು. "ಬ್ರೇಕ್ ಆಯ್ತೇನಪ್ಪ?"

ಇಲ್ಲ ಎನ್ನಲು ಅಂದಾನಿ ಬಾಯಿ ತೆರೆದ. ಅದೇ ಹೊತ್ತಿಗೆ ಬೋಜಮ್ಮನವರ ಜೀಪು ಬಂದು ನಿಂತಿತು.

"ಆಯ್ತು ಆಚಾರ್ರೇ," ಎಂದುಬಿಟ್ಟ.

ಕಾರಿನೊಳಗೆ ಕೂತು ಸೀಟು ಸರಿಮಾಡುವ ನೆಪದಲ್ಲಿ ಪೆಡಲನ್ನು ಸದ್ದಿಲ್ಲದೆ ಒತ್ತಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಆಮೇಲೆ ತಡಮಾಡದೆ ಇಳಿದು ಜಾಗ ಬಿಟ್ಟ.

ಆಚಾರರು ಬಾಗಿಲಿನಿಂದಲೇ ಕಾಲು ಚಾಚಿ ಒಂದು ಸಲ ಒತ್ತಿದರು. "ಗಟ್ಟಿಯಾಗಿದೆ," ಎಂದರು. "ಹೋಗು, ಅಮ್ಮೋರಿಗೆ ಕುಡಿಯೋಕೆ ನೀರು ತಗೊಂಡ್ಬಾ."

ಅವನು ನೀರು ತರುವಷ್ಟರಲ್ಲಿ ಆಚಾರರು ಕಾರಿನ ಬಾನೆಟ್ ಮುಚ್ಚುತ್ತಿದ್ದರು. "ಎಂಜಿನ್ ಚೆನ್ನಾಗಿ ಒರೆಸಿದ್ದೀಯ," ಎಂದು ಹೊಗಳಿದರು. ಎಂಟು ವರ್ಷದಲ್ಲಿ ಅವರ ಬಾಯಿಂದ ಬಂದ ಮೂರನೇ ಹೊಗಳಿಕೆ ಅದು. ಅಂದಾನಿಗೆ ಅದು ಮುಳ್ಳಿನಂತೆ ಚುಚ್ಚಿತು.

ಆಚಾರರು ಕುರ್ಚಿ ಎತ್ತಿಕೊಂಡು ಹೊಳೆಯ ಕಡೆ ನಡೆದರು.

ಅಂದಾನಿ ಕಾರಿನಲ್ಲಿ ಕೂತ. ದಾರಿಯ ಕೊನೆಯಲ್ಲಿ ಬಿಳಿ ಅಂಗಿ, ಬಿಳಿ ತಲೆ, ತೊಡೆಯ ಮೇಲೆ ಎರಡು ಕೈ. ಹಿಂದೆ ಹೊಳೆ.

ಅವನ ಮನಸ್ಸು ಲೆಕ್ಕ ಹಾಕಿತು. ಹೋಗುತ್ತಾ ಹೋಗುತ್ತಾ ಮೂರು ಸಲ ತುಳಿದರಾಯಿತು, ಪೆಡಲ್ ಗಟ್ಟಿಯಾಗುತ್ತದೆ, ಕಾರು ನಿಲ್ಲುತ್ತದೆ. ಆಚಾರರಿಗೇನೂ ಆಗುವುದಿಲ್ಲ.

ಅಷ್ಟರಲ್ಲಿ ಬೋಜಮ್ಮನವರು ಕಿಟಕಿಯ ಬಳಿ ಬಗ್ಗಿದರು. "ಗಾಬರಿಯಾಗ್ಬೇಡ್ವೋ. ನಿನ್ನ ಕೆಲಸ ನನಗೆ ಗೊತ್ತಿಲ್ವಾ? ನೀನು ಕಟ್ಟಿದ ಬ್ರೇಕು ಅಂತ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೀನಿ."

ಅಂದಾನಿಗೆ ಆ ಕಲ್ಲಿನ ಗೋಡೆ ಕಣ್ಣಿಗೆ ಕಟ್ಟಿತು. ಅಲ್ಲಿ ಮೂರು ಸಲ ತುಳಿಯುವವರು ಯಾರು?

ಕೀಲಿಯ ಮೇಲಿದ್ದ ಕೈಯನ್ನು ತೆಗೆದ. ಕಾರಿನಿಂದ ಇಳಿದು, ಅಷ್ಟುದ್ದದ ದಾರಿಯನ್ನು ನಡೆದುಕೊಂಡೇ ಹೋಗಿ ಕುರ್ಚಿಯ ಮುಂದೆ ನಿಂತ.

"ಎದ್ದೇಳಿ ಆಚಾರ್ರೇ."

"ಯಾಕೆ?"

"ಬ್ರೇಕ್ ಆಗಿಲ್ಲ. ನೀವು ನೋಡೋಕ್ ಮುಂಚೆ ಕದ್ದು ಮೂರು ಸಲ ತುಳಿದಿದ್ದೆ."

"ಮೂರಲ್ಲ, ನಾಲ್ಕು," ಎಂದರು ಆಚಾರರು.

ಅಂದಾನಿ ತಲೆ ತಗ್ಗಿಸಿದ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಹಾಗಿದ್ದೂ ಎದೆಯ ಮೇಲಿದ್ದ ಚಪ್ಪಡಿ ಇಳಿದಂತಾಗಿ, ಬೆಳಿಗ್ಗೆಯಿಂದ ಮೊದಲ ಸಲ ಅವನು ಸರಿಯಾಗಿ ಉಸಿರೆಳೆದ.

ಹಿಂದೆಯೇ ನಡೆದು ಬಂದಿದ್ದ ಬೋಜಮ್ಮನವರು ಎಲ್ಲ ಕೇಳಿಸಿಕೊಂಡಿದ್ದರು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಈಗಲಾದ್ರೂ ಹೇಳಿದ್ಯಲ್ಲ, ಪುಣ್ಯಾತ್ಮ."

"ಬೈಯಿರಿ ಅಮ್ಮ."

"ಭಾನುವಾರ ಬೈತೀನಿ. ಮೊದಲು ಬ್ರೇಕ್ ಸರಿಮಾಡು."

"ಗೊತ್ತಾಗ್ತಿಲ್ಲ ಆಚಾರ್ರೇ," ಎಂದ ಅಂದಾನಿ. "ಐದು ಸಲ ಗಾಳಿ ತೆಗೆದೆ. ಎಲ್ಲಾ ಬದಲಾಯಿಸ್ದೆ. ನೀವೇ ಒಂದು ಸಲ ನೋಡಿ."

ಆಚಾರರು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ.

"ಆಯಿಲ್ ಡಬ್ಬಿ ಖಾಲಿಯಾಗಿದ್ಯಾ?"

"ಎರಡೂ ಖಾಲಿ."

"ಒಂದು ತಗೊಂಡ್ಬಾ. ಮುಚ್ಚಳ ತೆಗೆದು, ಬಾಯಿ ಕೆಳಗೆ ಮಾಡಿ, ಹೊಳೇಲಿ ತುಂಬಿಸು."

"ಬಾಯಿ ಕೆಳಗೆ ಮಾಡಿಯಾ?"

"ನಾನೇನು ತಮಿಳಲ್ಲಿ ಹೇಳಿದ್ನಾ?"

ಇಂಥ ಹೊತ್ತಿನಲ್ಲಿ ಎಂಥ ತಮಾಷೆ ಎಂದುಕೊಳ್ಳುತ್ತಲೇ ಅಂದಾನಿ ಡಬ್ಬಿ ತಂದು ಮೊಣಕಾಲುದ್ದ ನೀರಿಗಿಳಿದ. ಡಬ್ಬಿಯನ್ನು ತಲೆಕೆಳಗಾಗಿ ಒತ್ತಿದ. ಕೈಬಿಟ್ಟರೆ ಅದು ಚಂಗನೆ ಮೇಲಕ್ಕೆ ಬಂತು. ಮತ್ತೆ ಒತ್ತಿದ. ಮತ್ತೆ ಬಂತು. ಪ್ಯಾಂಟು ತೊಡೆಯವರೆಗೆ ನೆನೆಯಿತು.

"ತುಂಬಲ್ಲ ಆಚಾರ್ರೇ."

"ಐದು ಸಲ ಮಾಡಿದ್ಯಾ?"

"ಐವತ್ತು ಸಲ ಮಾಡಿದ್ರೂ ಅಷ್ಟೇ!" ಅಂದಾನಿಗೆ ರೇಗಿತು. "ಒಳಗಿರೋ ಗಾಳಿ ಮೇಲೆ ಹೋಗಿ ಕೂತಿದೆ. ಬಾಯಿ ಕೆಳಗಿದೆ. ಅದು ಆಚೆ ಹೋಗೋದಾದ್ರೂ ಎಲ್ಲಿಂದ..."

ಡಬ್ಬಿ ಅವನ ಕೈಯಿಂದ ಜಾರಿ ತೇಲಿಹೋಯಿತು. ಅವನು ಮೆಟ್ಟಿಲು ಹತ್ತಿ, ನೀರು ಸುರಿಸುತ್ತಾ, ಕಾರಿನ ಕಡೆ ಓಡಿದ.

ಮುಂದಿನ ಚಕ್ರ ಬಿಚ್ಚಿ ಬಗ್ಗಿ ನೋಡಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಗಾಳಿ ಬಿಡುವ ತಿರುಪು ಬ್ರೇಕಿನ ತಳದಲ್ಲಿತ್ತು. ಅದು ಮೇಲಿರಬೇಕಾದದ್ದು. ಪೈಪು ಅಂದವಾಗಿ ಕೂರಲೆಂದು ಅವನು ಎಡಗಡೆಯ ಬ್ರೇಕನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಕಟ್ಟಿದ್ದ. ಹಾಗಾಗಿ ಎರಡೂ ತಲೆಕೆಳಗಾಗಿದ್ದವು. ಐದು ಸಲವೂ ಆಯಿಲ್ ಕೆಳಗಿನಿಂದ ಹರಿದು ಹೋಗಿತ್ತು. ಗಾಳಿ ಮಾತ್ರ ಮೇಲೆ ಹಾಯಾಗಿ ಕೂತಿತ್ತು.

ಎರಡನ್ನೂ ಬಿಚ್ಚಿ ಅದಲುಬದಲು ಮಾಡಿದ. ಪೈಪು ಈ ಸಲ ಸ್ವಲ್ಪ ಸುತ್ತಿಕೊಂಡು ಬಂತು. ನೋಡಲು ಚೆನ್ನಾಗಿರಲಿಲ್ಲ. ಚೆನ್ನಾಗಿರದಿದ್ದರೆ ಕತ್ತೆ ಬಾಲ ಎಂದುಕೊಂಡ.

ಬೋಜಮ್ಮನವರೇ ಕಾರಿನಲ್ಲಿ ಕೂತು ಪೆಡಲ್ ತುಳಿದರು.

"ತುಳೀರಿ ಅಮ್ಮ. ಹಾಗೇ ಹಿಡ್ಕೊಳ್ಳಿ. ಬಿಡಿ."

ತಿರುಪಿಗೆ ಸಿಕ್ಕಿಸಿದ ಸಣ್ಣ ಗಾಜಿನಂಥ ಕೊಳವೆಯಲ್ಲಿ ಗುಳುಗುಳು ಎಂದು ಗುಳ್ಳೆ ಬಂದವು. ಒಂದರ ಹಿಂದೊಂದು, ಒಂದು ವಾರದಿಂದ ಅಡಗಿ ಕೂತಿದ್ದ ಗುಳ್ಳೆಗಳೆಲ್ಲ ಬಂದವು. ಅಂದಾನಿ ಮಣ್ಣಿನಲ್ಲಿ ಮಲಗಿಕೊಂಡೇ ನಕ್ಕ.

ಎರಡು ಕಡೆಯೂ ಗುಳ್ಳೆ ನಿಂತ ಮೇಲೆ ಬೋಜಮ್ಮನವರು ಸ್ವಲ್ಪ ಹೊತ್ತು ಕಾದು, ಮತ್ತೆ ಪೆಡಲ್ ತುಳಿದರು.

"ಅಂದಾನಿ."

"ಏನಮ್ಮ?"

"ಒಂದೇ ಸಲ," ಎಂದರು. ಅವರ ಕಣ್ಣು ತುಂಬಿತ್ತು. "ಕಲ್ಲಿನ ಹಾಗಿದೆ ಕಣೋ."

ಅಂದಾನಿಗೆ ಹೋದ ಜೀವ ಬಂದಂತಾಯಿತು. ಆದರೂ ಒರಟಾಗಿ, "ಸುಮ್ನೆ ಇರಿ ಅಮ್ಮ, ಕುರ್ಚಿ ಇನ್ನೂ ಬಾಕಿಯಿದೆ," ಎಂದ.

ಬಿಸಿಲು ಇಳಿದಿತ್ತು. ಆಚಾರರು ಕುರ್ಚಿಯಿಂದ ಎದ್ದೇ ಇರಲಿಲ್ಲ. ಟೀ ಅಂಗಡಿಯವನು ಅವರ ಕೈಗೆ ತುಂಬಿದ ಲೋಟ ಕೊಟ್ಟು ಹೋಗಿದ್ದ.

ಅಂದಾನಿ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಎಂಜಿನ್ ಗರಗರ ಎಂದಿತು, ಎದ್ದೇಳಲಿಲ್ಲ. ಮತ್ತೆ ತಿರುಗಿಸಿದ. ಬೆಳಿಗ್ಗೆ ಹುಲಿಯಂತಿದ್ದದ್ದು ಈಗ ಕೆಮ್ಮುವುದಕ್ಕೂ ಒಲ್ಲದು.

ಗಾಬರಿಯಿಂದ ಬಾನೆಟ್ ಎತ್ತಿದ. ಒಂದೊಂದೇ ನೋಡುತ್ತಾ ಬಂದ. ಪ್ಲಗ್ಗುಗಳಿಗೆ ಕಿಡಿ ಹಂಚುವ ರೋಟರ್, ಹೆಬ್ಬೆರಳಷ್ಟು ದೊಡ್ಡ ತುಂಡು, ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಅಂದಾನಿ ನಿಧಾನವಾಗಿ ತಲೆಯೆತ್ತಿದ. ದಾರಿಯ ಕೊನೆಯಲ್ಲಿ ಆಚಾರರು ಅಂಗಿಯ ಜೇಬಿಗೆ ಕೈಹಾಕಿ ಏನನ್ನೋ ಎತ್ತಿ ಹಿಡಿದಿದ್ದರು.

"ಇದು ಬೇಕಾ?" ಎಂದು ಕೂಗಿದರು.

ಬೋಜಮ್ಮನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಾನಿಗೆ ನಗು ಬರಲಿಲ್ಲ. ಹೋಗಿ ರೋಟರ್ ಇಸಿದುಕೊಂಡ. ಏನೋ ಕೇಳಬೇಕೆಂದಿದ್ದವನು ಕೇಳದೆ ತಿರುಗಿದ. ಆಗಲೇ ಕೀಲಿ ತಿರುಗಿಸಿದ್ದರೂ ಕಾರು ಒಂದಿಂಚು ಕದಲುತ್ತಿರಲಿಲ್ಲ ಎಂಬುದಷ್ಟೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

ರೋಟರ್ ಕೂರಿಸಿದ. ಎಂಜಿನ್ ಗುಡುಗಿತು.

ಕಾರು ಹೊರಟಿತು. ಎರಡನೇ ಗೇರು, ಮೂರನೇ ಗೇರು. ಬಿಳಿ ಅಂಗಿ ದೊಡ್ಡದಾಗುತ್ತಾ ಬಂತು. ಅಂದಾನಿ ಪೆಡಲ್ ಮುಟ್ಟಲಿಲ್ಲ. ಆಚಾರರ ಹುಬ್ಬಿನ ಕೂದಲು ಕಾಣುವಷ್ಟು ಹತ್ತಿರ ಬಂದಾಗ ತುಳಿದ.

ಒಂದೇ ಸಲ.

ಕಾರು ನೆಲ ಕಚ್ಚಿಕೊಂಡು ನಿಂತಿತು. ಎದ್ದ ಧೂಳು ಕುರ್ಚಿಯನ್ನು ದಾಟಿ ಹೊಳೆಗೆ ಇಳಿಯಿತು. ಕುರ್ಚಿಗೂ ಕಾರಿಗೂ ನಡುವೆ ಎರಡು ಮಾರು ಜಾಗವಿತ್ತು. ಆಚಾರರು ಲೋಟದ ಮೇಲಿದ್ದ ಅಂಗೈ ತೆಗೆದು ಟೀ ಕುಡಿದರು.

ಹಿಂದಿನಿಂದ ಬೋಜಮ್ಮನವರು ಎರಡೂ ಕೈ ಎತ್ತಿ ಕೂಗುತ್ತಿದ್ದರು. ಅಂದಾನಿ ಕಾರಿನಿಂದಿಳಿದ. ಮೈಯೆಲ್ಲ ಹಗುರವಾಗಿತ್ತು. ಆದರೂ ಆ ಒಂದು ಮಾತು ಗಂಟಲಲ್ಲಿ ಉಳಿದಿತ್ತು.

"ರೋಟರ್ ತೆಗೆದಿಟ್ಕೊಂಡೇ ಕೂತಿದ್ರಿ," ಎಂದ. "ಅಂದ್ರೆ ನಾನು ನಿಜ ಹೇಳ್ತೀನಿ ಅಂತ ನಿಮಗೆ ನಂಬಿಕೆ ಇರ್ಲಿಲ್ಲ, ಅಲ್ವಾ ಆಚಾರ್ರೇ?"

ಆಚಾರರು ಲೋಟ ಕೆಳಗಿಟ್ಟರು. ಕಾರಿನತ್ತ ಗಲ್ಲ ತೋರಿಸಿದರು.

"ಈಗ ಕಾರಿಂದ ಇಳಿದ್ಯಲ್ಲ. ಇಳಿಯೋಕ್ ಮುಂಚೆ ಏನ್ ಮಾಡ್ದೆ?"

ಅಂದಾನಿ ಯೋಚಿಸಿದ. "ಹ್ಯಾಂಡ್ ಬ್ರೇಕ್ ಎಳೆದೆ."

"ಯಾಕಪ್ಪ? ಕಾಲು ಬ್ರೇಕಿನ ಮೇಲೆ ನಂಬಿಕೆ ಇರ್ಲಿಲ್ವಾ?"