ಸೆರಗಿನೊಳಗಿನ ಬಿಸಿಲು

"ಗುರುಗಳೇ, ಆಕಾರವೇ ಇಲ್ಲದ್ದನ್ನು ಒಬ್ಬರು ಕಾಣುವುದು, ಇನ್ನೊಬ್ಬರಿಗೆ ಕಾಣಿಸುವುದು ಸಾಧ್ಯವೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಚಿತ್ರಕಾರನಿದ್ದ. ಯಾರನ್ನೇ ಆಗಲಿ ಒಮ್ಮೆ ನೋಡಿದರೆ ಸಾಕು, ಅಚ್ಚು ಹೊಯ್ದಂತೆ ಅವರ ಮುಖ ಬರೆಯುತ್ತಿದ್ದ. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಒಂದು ದಿನ ಮುಪ್ಪಿನ ವರ್ತಕನೊಬ್ಬ ಬಂದು, "ನನ್ನ ತಾಯಿಯನ್ನು ಬರೆದುಕೊಡಪ್ಪಾ" ಎಂದ.

"ಅವರು ಹೇಗಿದ್ದರು?"

"ಗೊತ್ತಿಲ್ಲ. ನಾನು ಹಾಲು ಬಿಡುವ ಮೊದಲೇ ತೀರಿಕೊಂಡಳು. ಅವಳನ್ನು ನೋಡಿದವರು ಈಗ ಯಾರೂ ಉಳಿದಿಲ್ಲ. ನಾನು ಕಣ್ಣು ಮುಚ್ಚುವುದರೊಳಗೆ ಅವಳನ್ನು ಒಮ್ಮೆ ನೋಡಬೇಕು."

ಚಿತ್ರಕಾರ ವರ್ತಕನ ಮುಖದಲ್ಲೇ ತಾಯಿಯನ್ನು ಹುಡುಕಿದ. ಅವನ ಕಣ್ಣು, ಅವನ ಗಲ್ಲ ಇಟ್ಟು ಒಬ್ಬ ಹೆಣ್ಣುಮಗಳನ್ನು ಬರೆದ. ವರ್ತಕ ಬಹಳ ಹೊತ್ತು ನೋಡಿ, "ಈಕೆ ಯಾರೋ ಪುಣ್ಯವಂತೆ. ನನ್ನ ತಾಯಿಯಲ್ಲ" ಎಂದ. ಇನ್ನೊಂದು ಬರೆದ. ಅದೂ ಅಲ್ಲ. ತಾಯಿಯನ್ನು ತಾನೇ ಕಾಣದಿರುವಾಗ, ಇವಳಲ್ಲ ಎನ್ನಲು ಇವನಿಗೆ ಹೇಗೆ ತಿಳಿಯಿತು ಎಂದು ಚಿತ್ರಕಾರನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅದೇ ಮಾತು ಅವನ ನೆಮ್ಮದಿ ಕೆಡಿಸಿತು. ಅವಳದು ಏನೋ ಒಂದು ಈ ಮುದುಕನಲ್ಲಿ ಉಳಿದಿದೆ. ಅದೇನು?

ಅದನ್ನೇ ಯೋಚಿಸುತ್ತ ಅವನು ಸಂತೆಯ ದಾರಿಯಲ್ಲಿ ಹೋಗುತ್ತಿದ್ದ. ಗಾಡಿಯ ಪಕ್ಕದಲ್ಲಿ ಒಬ್ಬ ಹೆಂಗಸು ಕೂಸನ್ನು ಕೆಂಪು ಸೆರಗಿನಲ್ಲಿ ಪೂರಾ ಮುಚ್ಚಿಕೊಂಡು ಹಾಲು ಕುಡಿಸುತ್ತಿದ್ದಳು. ಸೆರಗಿನ ಮೇಲೆ ನಡುಹಗಲಿನ ಬಿಸಿಲು ಸುರಿಯುತ್ತಿತ್ತು. ನೋಡಬಾರದೆಂದು ಅವನು ಮುಖ ತಿರುಗಿಸಿ ಮುಂದೆ ನಡೆದ. ನಡೆದವನು ಅಲ್ಲೇ ನಿಂತುಬಿಟ್ಟ. ಆ ಕೂಸಿಗೆ ಈಗ ಏನು ಕಾಣುತ್ತಿದೆ?

ಓಡುತ್ತ ಮನೆಗೆ ಬಂದ. ಹೆಂಡತಿಯ ಹಳೆಯ ಕೆಂಪು ಸೀರೆ ಹುಡುಕಿ ತೆಗೆದ. ಅಂಗಳದ ಬಿಸಿಲಿನಲ್ಲಿ ಮಲಗಿ, ಅದನ್ನು ಮುಖದ ಮೇಲೆ ಎಳೆದುಕೊಂಡು ಕಣ್ಣು ತೆರೆದ. ಎಲ್ಲೆಲ್ಲೂ ಕೆಂಪು. ಅದಕ್ಕೆ ದಡವಿರಲಿಲ್ಲ. ಅದು ಒಳಗಿದೆಯೋ ಹೊರಗಿದೆಯೋ ತಿಳಿಯಲಿಲ್ಲ.

"ಇದೇನ್ರೀ, ಹಗಲು ಹೊತ್ತಿನಲ್ಲಿ ಹೀಗೆ ಮಲಗಿದ್ದೀರಿ? ಮೈ ಹುಷಾರಿಲ್ಲವೇ?" ಎನ್ನುತ್ತ ಹೆಂಡತಿ ಅವನ ಮೇಲೆ ಬಾಗಿದಳು.

ಕೆಂಪಿನ ಒಂದು ಬದಿ ಕಪ್ಪಾಗಿ ಬಾಗಿತು. ಆ ಕಪ್ಪಿನಿಂದ ದನಿ ಬಂತು. ಅವನು ಅವಳ ಕೈ ಹಿಡಿದುಕೊಂಡು ಹಾಗೆಯೇ ಮಲಗಿದ್ದ.

ಮರುದಿನ ಅವನು ಬರೆದ ಚಿತ್ರದಲ್ಲಿ ಕಣ್ಣಿರಲಿಲ್ಲ, ಮೂಗಿರಲಿಲ್ಲ. ಹಲಗೆ ತುಂಬ ಉರಿಯುವ ಕೆಂಪು, ಒಂದು ಕಡೆಯಿಂದ ಬಾಗಿ ಬಂದ ಒಂದು ಕಪ್ಪು. ವರ್ತಕನ ಮಕ್ಕಳು, "ಇದರಲ್ಲಿ ಅಜ್ಜಿ ಎಲ್ಲಿ?" ಎಂದು ನಕ್ಕರು.

ವರ್ತಕ ನಗಲಿಲ್ಲ. ಚಿತ್ರದ ಹತ್ತಿರ, ಇನ್ನೂ ಹತ್ತಿರ ಹೋದ. ಬಣ್ಣಕ್ಕೆ ಮುಖ ತಾಗುವಷ್ಟು ಹತ್ತಿರ. ಕಣ್ಣು ಅರ್ಧ ಮುಚ್ಚಿದವು. ಹಲ್ಲು ಬಿದ್ದ ಬಾಯಿಯ ತುಟಿಗಳು ತಾವಾಗಿಯೇ ಚೀಪತೊಡಗಿದವು. ಮಕ್ಕಳ ನಗು ನಿಂತಿತು. ಚಿತ್ರಕಾರ ತಾನು ಬರೆದದ್ದಕ್ಕೆ ತಾನೇ ಹೆದರಿ, ಕೈಮುಗಿದು ಹಿಂದೆ ಸರಿದ.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು.

"ಆದರೂ ಗುರುಗಳೇ, ಮುಖವೇ ಇಲ್ಲದೆ ಅದು ತಾಯಿ ಹೇಗಾದೀತು?" ಎಂದ ಮುರಿಗೆಪ್ಪ.

ಗುರುಗಳು ಕೇಳಿದರು: "ನೀನು ನಿನ್ನ ತಾಯಿಯನ್ನು ಮೊಟ್ಟಮೊದಲು ಅರಿತಾಗ, ಅವಳಿಗೆ ಮುಖವಿತ್ತೇನಪ್ಪಾ?"